ಹಳದಿ ಅಂಗಿಯವರ ಆಟ

ಕಬ್ಬಿಣದ ಮೆಟ್ಟಿಲುಗಳ ಮೇಲೆ ಯಾರೋ ನಿಂತು ನಿಂತು ಹತ್ತುವ ಸಪ್ಪಳ ಕೇಳಿಸಿದಾಗಲೇ ದುರ್ಗಪ್ಪನಿಗೆ ಬರುತ್ತಿರುವವರು ಡ್ರಿಲ್ ಮಾಸ್ತರರ ಹೆಂಡತಿ ಸಿದ್ದಲಿಂಗವ್ವ ಎಂದು ತಿಳಿಯಿತು. ಶನಿವಾರ ಮಧ್ಯಾಹ್ನ ಆಕೆ ಹೀಗೆ ಬರುತ್ತಿರುವುದು ಇದು ಐದನೆಯ ವಾರ. ಅವನು ಕುರ್ಚಿಯ ಮೇಲಿದ್ದ ವಾಯರಿನ ಸುರುಳಿಯನ್ನು ತೆಗೆದು ಕೆಳಗಿಟ್ಟ.

ಬೈಲಹೊಂಗಲದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಮೇಲಿದ್ದ ಆ ಒಂದೇ ಕೋಣೆಯಿಂದ ಊರಿನ ನಾನೂರು ಮನೆಗಳಿಗೆ ಕೇಬಲ್ ಹೋಗುತ್ತಿತ್ತು. ಗೋಡೆಗೆ ಆನಿಸಿದ ರ‍್ಯಾಕಿನಲ್ಲಿ ಚಾನೆಲ್ಲಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಇದ್ದ ಒಂದೇ ಫ್ಯಾನು ಅವುಗಳ ಕಡೆ ಮುಖ ಮಾಡಿ ತಿರುಗುತ್ತಿತ್ತು. ಅಂದು ಹುಬ್ಬಳ್ಳಿಯ ವಿತರಕರ ಕಚೇರಿಯಿಂದ ಮಧು ಬಂದಿದ್ದ. ಆಟದ ಚಾನೆಲ್ಲುಗಳ ತಿಂಗಳ ಪಟ್ಟಿಯನ್ನು ಊರೂರಿಗೆ ಮುಟ್ಟಿಸುವುದು ಅವನ ಕೆಲಸ. ಇಲ್ಲಿ ಮುಗಿಸಿ ಯರಗಟ್ಟಿ, ರಾಮದುರ್ಗಕ್ಕೆ ಹೋಗಬೇಕಿತ್ತು.

ಸಿದ್ದಲಿಂಗವ್ವ ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡಳು. ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡಳು.

"ಇವತ್ತ ಹಳದಿ ಅಂಗಿಯವರ ಆಟ ಐತೇನ ತಮ್ಮಾ?"

"ಬರ್ರಿ ಅವ್ವಾರ, ಕುಂದರ್ರಿ," ಎಂದ ದುರ್ಗಪ್ಪ. "ಇವತ್ತ ಅವರದಿಲ್ರಿ. ಕೆಂಪ ಅಂಗಿಯವರದ ಐತಿ."

"ಹ್ವಾದ ವಾರಾನೂ ಕೆಂಪ ಅಂಗಿಯವರದ ಇತ್ತಲ್ಲ."

"ವಾರಾ ಅವರದ ಇರತೈತ್ರಿ."

"ಯಾಕ? ಹಳದಿಯವರು ಆಡೂದ ಬಿಟ್ಟಾರೇನ?"

ಮಧು ನಕ್ಕ. ಆಕೆಯ ಮುಖ ನೋಡಿ ನಗು ನುಂಗಿಕೊಂಡ. "ಆಡತಾರ ಅಜ್ಜಿ. ಇಂಗ್ಲೆಂಡಿನ ಫುಟಬಾಲ ಅದು, ಇಪ್ಪತ್ತ ಟೀಮ ಅದಾವ, ವಾರಕ್ಕ ಹತ್ತ ಆಟ. ಹತ್ತರಾಗ ನಾಕೈದ ಆರಿಸಿ ನಮಗ ತೋರಸ್ತಾರ."

"ಆರಸೂದ ಯಾರ? ಈ ದುರ್ಗಪ್ಪನ?"

"ಅಲ್ಲ ಬಿಡ್ರಿ. ಸಿಂಗಾಪುರದಾಗ ಆಫೀಸ ಐತಿ. ಅಲ್ಲಿ ಕುಂತ ಆರಸ್ತಾರ. ಯಾವ ಟೀಮಿಗೆ ಮಂದಿ ಭಾಳ, ಯಾವ ಆಟಕ್ಕ ಜಾಹೀರಾತ ಬರತಾವ, ಅದನ್ನ ನೋಡತಾರ. ಮುಂಬಯಿ, ಕಲಕತ್ತಾದಾಗ ಒಂದಿಷ್ಟ ಮನಿಗೆ ಸಣ್ಣ ಪೆಟಿಗಿ ಹಚ್ಚಿರತಾರ. ಮನಿಯವರು ಏನ ನೋಡತಾರ, ಎಷ್ಟೊತ್ತ ನೋಡತಾರ, ಆ ಪೆಟಿಗಿ ಬರಕೋತೈತಿ. ಅದರ ಮ್ಯಾಲ ಎಲ್ಲಾ."

ಸಿದ್ದಲಿಂಗವ್ವ ಅದನ್ನು ಮನಸ್ಸಿನಲ್ಲಿ ಮೆಲುಕು ಹಾಕಿದಳು. "ಬೈಲಹೊಂಗಲದಾಗ ಯಾರ ಮನಿಗೆ ಹಚ್ಯಾರ?"

"ಯಾರ ಮನಿಗೂ ಇಲ್ರಿ. ಇಲ್ಲಿ ಯಾರ ಏನ ನೋಡತಾರನ್ನೂದ ಅವರಿಗೆ ಗೊತ್ತ ಇಲ್ಲ."

"ಮತ್ತ ನಮ್ಮ ಮನಿಯವರು ಹಳದಿಯವರನ್ನ ನೋಡಬೇಕಂತಾರನ್ನೂದ ಅವರಿಗೆ ಹ್ಯಾಂಗ ತಿಳಿಬೇಕ?"

ಮಧು ಕೈಯಲ್ಲಿದ್ದ ಪಟ್ಟಿಯನ್ನು ದುರ್ಗಪ್ಪನ ಮುಂದೆ ಸರಿಸಿದ. ದುರ್ಗಪ್ಪ ಪಟ್ಟಿಯ ಮೇಲೆ ಬೆರಳಾಡಿಸಿ, "ಇನ್ನ ಮೂರ ವಾರಕ್ಕ ಒಂದ ಐತಿ ನೋಡ್ರಿ. ನೀಲಿ ಅಂಗಿಯವರ ಕೂಡ ಹಳದಿಯವರು. ಸಂಜೀ ಐದೂವರಿಗೆ," ಎಂದ. ನೀಲಿ ತಂಡ ದೊಡ್ಡದು. ಹಳದಿಯವರು ದೊಡ್ಡವರ ಎದುರು ಆಡಿದಾಗ ಮಾತ್ರ ಟೀವಿಯಲ್ಲಿ ಕಾಣುತ್ತಿದ್ದರು. ಆಕೆ ಬೆರಳು ಮಡಿಚಿ ವಾರಗಳನ್ನು ಎಣಿಸುತ್ತ ಮೆಟ್ಟಿಲಿಳಿದಳು.

ಅದು ಎರಡು ಸಾವಿರದ ಒಂದನೆಯ ಇಸವಿಯ ಜನವರಿ. ಹಿಂದಿನ ದಸರೆಯ ಹೊತ್ತಿಗೆ ವೀರಪ್ಪ ಮಾಸ್ತರರಿಗೆ ಲಕ್ವ ಹೊಡೆದಿತ್ತು. ಮೂವತ್ತು ವರ್ಷ ಹೈಸ್ಕೂಲಿನ ಬಯಲಿನಲ್ಲಿ ಸೀಟಿ ಊದಿದವರ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಗಿನಲ್ಲಿ ಹೋದವು. ಮಂಚದ ಮೇಲೆ ದಿಂಬಿಗೆ ಆನಿಸಿ ಕೂಡಿಸಿದರೆ ಟೀವಿ ನೋಡುತ್ತಿದ್ದರು. ಡಿಸೆಂಬರದಲ್ಲಿ ಒಂದು ಸಂಜೆ ಇಂಗ್ಲೆಂಡಿನ ಫುಟ್‌ಬಾಲ್ ಬಂತು. ಎಂದಿನಂತೆ ಕೆಂಪು ಅಂಗಿಯವರು. ಅವರೆದುರು ಯಾವುದೋ ಸಣ್ಣ ಊರಿನ ಹಳದಿ ಅಂಗಿಯವರು. ಅಲ್ಲಿಯವರೆಗೆ ಯಾವುದಕ್ಕೂ ಅಲುಗದ ಮಾಸ್ತರರು ಅಂದು ಎಡಗೈ ಎತ್ತಿ ಪರದೆಯ ಕಡೆ ಚಾಚಿದರು. ಬಾಯಿಂದ ಏನೋ ದನಿ ಬಂತು. ಆಮೇಲೆ ಬೇರೆ ಯಾವ ಆಟ ಹಚ್ಚಿದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಡುಗೆಮನೆಯ ಹಳದಿ ವಸ್ತ್ರವನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದರು. ಅದರಿಂದಲೇ ಸಿದ್ದಲಿಂಗವ್ವನಿಗೆ ಅವರಿಗೆ ಏನು ಬೇಕೆಂಬುದು ಹೊಳೆದದ್ದು.

ಇಷ್ಟೆಲ್ಲ ಆಕೆಯೇ ಹೇಳಿದ್ದಳು. ದುರ್ಗಪ್ಪ ಕೇಳಿಸಿಕೊಂಡಿದ್ದ, ಆದರೆ ಆ ಮನೆಗೆ ಹೋಗಿರಲಿಲ್ಲ. ಆ ಓಣಿಯಲ್ಲಿ ಏನೇ ಕೆಲಸ ಬಿದ್ದರೂ ಲೈನ್‌ಮನ್ ಬಸಯ್ಯನನ್ನೇ ಕಳಿಸುತ್ತಿದ್ದ. ಒಂದೇ ಊರಿನಲ್ಲಿದ್ದು ಇಪ್ಪತ್ತು ವರ್ಷ ಅವನು ಮಾಸ್ತರರ ಎದುರು ನಿಂತಿರಲಿಲ್ಲ. ದೂರದಿಂದ ಅವರ ಬಿಳಿ ಹ್ಯಾಟು ಕಂಡರೆ ಮಗ್ಗುಲ ಓಣಿಗೆ ತಿರುಗುತ್ತಿದ್ದ.

ಎಂಬತ್ತನೆಯ ಇಸವಿಯಲ್ಲಿ ದುರ್ಗಪ್ಪ ಹತ್ತನೆಯ ಇಯತ್ತೆಯಲ್ಲಿದ್ದ. ಅವನ ತಾಯಿ ಕೆಂಚವ್ವ ಅರಳೆ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಅವನು ಬರಿಗಾಲಿನಲ್ಲಿ ಆಡುತ್ತಿದ್ದ, ಎಡಗಾಲಿನವ. ಬಯಲಿನ ಎಡ ಅಂಚಿನಲ್ಲಿ, ಸುಣ್ಣದ ಗೆರೆಗೆ ಅಂಟಿಕೊಂಡು ಚೆಂಡು ಒಯ್ಯುವಾಗ ಅವನನ್ನು ತಡೆಯುವ ಹುಡುಗ ಆ ತಾಲೂಕಿನಲ್ಲಿ ಇರಲಿಲ್ಲ. ಬೆಳಗಿನ ಐದಕ್ಕೆ ಮಾಸ್ತರರು ತಮ್ಮ ಮನೆಯ ಕಟ್ಟೆಯ ಮೇಲೆ ಹುಡುಗರಿಗೆ ನೆನೆಸಿದ ಕಡಲೆ, ಬೆಲ್ಲ ಕೊಡುತ್ತಿದ್ದರು. ದುರ್ಗಪ್ಪನ ಬೊಗಸೆಗೆ ಒಂದು ಹಿಡಿ ಹೆಚ್ಚು ಬೀಳುತ್ತಿತ್ತು.

ಆ ವರ್ಷ ಬೆಳಗಾವಿಯಲ್ಲಿ ಶಾಲೆಗಳ ಪಂದ್ಯ. ಪಲ್ಟನ್ನಿನ ಸಾಹೇಬರು ಬಂದು ನೋಡುತ್ತಾರೆ, ಚೆನ್ನಾಗಿ ಆಡಿದವರನ್ನು ಸೈನ್ಯಕ್ಕೆ ಆರಿಸಿಕೊಳ್ಳುತ್ತಾರೆ ಎಂಬ ಸುದ್ದಿಯಿತ್ತು. ಬೂಟಿಲ್ಲದೆ ಆಡುವಂತಿಲ್ಲ ಎಂಬ ನಿಯಮವೂ ಇತ್ತು. ಮಿಲ್ಲಿನ ಮಾಲೀಕರು ಶಾಲೆಗೆ ಹನ್ನೊಂದು ಜೊತೆ ಬೂಟು ಕೊಡಿಸಿದರು. ಅವರ ಮಗ ಅಪ್ಪು ದುರ್ಗಪ್ಪನ ಇಯತ್ತೆಯವನೇ, ಆಟದಲ್ಲಿ ಅಷ್ಟಕ್ಕಷ್ಟೆ. ಹೊರಡುವ ಹಿಂದಿನ ದಿನ ಮಾಸ್ತರರು ಹೆಸರು ಓದಿದರು. ಎಡ ಅಂಚಿಗೆ ಅಪ್ಪು. ದುರ್ಗಪ್ಪನ ಹೆಸರು ಬರಲಿಲ್ಲ. "ಹನ್ನೊಂದ ಜೋಡ ಅಷ್ಟ ಅದಾವ. ನಿನಗ ಬೂಟಿಲ್ಲ. ಮುಂದಿನ ವರ್ಷ ನೋಡೂಣು," ಎಂದರು, ಅವನ ಮುಖ ನೋಡದೆ. ಹತ್ತನೆಯ ಇಯತ್ತೆಯವನಿಗೆ ಮುಂದಿನ ವರ್ಷ ಎಲ್ಲಿಂದ ಬರಬೇಕು.

ಆದರೂ ಅವನನ್ನು ಬಸ್ಸಿನಲ್ಲಿ ಕರೆದೊಯ್ದರು. ಮೂರು ದಿನ ಅವನು ಗೆರೆಯ ಹೊರಗೆ ನೀರಿನ ಕೊಡ ಇಟ್ಟುಕೊಂಡು ಕೂತ. ತಂಡ ಮೂರನೆಯ ಆಟದಲ್ಲಿ ಸೋತಿತು. ಸಾಹೇಬರು ಇಬ್ಬರನ್ನು ಆರಿಸಿದರು, ಅಪ್ಪು ಅವರಲ್ಲಿರಲಿಲ್ಲ. ಊರಿಗೆ ಬಂದ ಮೇಲೆ ದುರ್ಗಪ್ಪ ತಾಯಿಗೆ, "ಎರಡ ಗೋಲ ಹೊಡದೆ ಬೇ," ಎಂದು ಹೇಳಿದ. ಆಕೆ ಮಿಲ್ಲಿನಲ್ಲಿ ಅರಳೆ ಆರಿಸುತ್ತ ಆ ಮಾತನ್ನು ಎಲ್ಲರಿಗೂ ಹೇಳಿಕೊಂಡಳು. ಯಾರೋ ನಕ್ಕಿರಬೇಕು. ಆಕೆ ಮನೆಗೆ ಬಂದು ಮಗನನ್ನು ಏನೂ ಕೇಳಲಿಲ್ಲ, ಆ ರಾತ್ರಿ ಅವನ ತಾಟಿಗೆ ಬೆಣ್ಣೆ ಹಾಕಿದಳು. ಪರೀಕ್ಷೆಗೆ ಕೂಡದೆ ಅವನು ವಾಯರ್‌ಮನ್ ಒಬ್ಬರ ಕೈಕೆಳಗೆ ಸೇರಿಕೊಂಡ.

ನೀಲಿಯವರ ಎದುರು ಹಳದಿಯವರು ಆಡುವ ಫೆಬ್ರವರಿಯ ಶನಿವಾರ, ಐದು ಗಂಟೆಗೆ ಸಿದ್ದಲಿಂಗವ್ವ ಪಕ್ಕದ ಮನೆಯಿಂದ ಫೋನ್ ಮಾಡಿದಳು. ಚಿತ್ರದ ತುಂಬ ಇರುವೆ ಹರಿದಾಡಿದಂತೆ ಕಾಣುತ್ತಿದೆ ಎಂದಳು. ಬಸಯ್ಯ ದೊಡವಾಡಕ್ಕೆ ಮದುವೆಗೆ ಹೋಗಿದ್ದ. ದುರ್ಗಪ್ಪ ಫೋನ್ ಇಟ್ಟು, ಇಲ್ಲಿನ ಚಿತ್ರ ತಿಳಿಯಾಗಿಯೇ ಇರುವುದನ್ನು ನೋಡಿದ. ಆಮೇಲೆ ಇಕ್ಕಳ, ಟೇಪು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಕಟ್ಟೆ ಹಾಗೆಯೇ ಇತ್ತು. ಒಳಗೆ ಪಡಸಾಲೆಯಲ್ಲಿ ಮಂಚ, ಮಂಚದ ಮೇಲೆ ದಿಂಬುಗಳ ನಡುವೆ ಬಿಳಿ ಗಡ್ಡ ಬೆಳೆದ ಸಣ್ಣ ಮನುಷ್ಯ. ಇಷ್ಟು ಸಣ್ಣವರು ಎಂದು ದುರ್ಗಪ್ಪನಿಗೆ ನೆನಪಿರಲಿಲ್ಲ. "ನಮಸ್ಕಾರ್ರಿ ಸರ," ಎಂದ. ಮಾಸ್ತರರು ಅವನ ಕಡೆ ನೋಡಿದರು. ಹೊಟ್ಟೆ ಬಂದ, ಕೂದಲು ತೆಳ್ಳಗಾದ ಆ ಮನುಷ್ಯನ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಇರುವೆ ಹರಿದಾಡುತ್ತಿದ್ದ ಪರದೆಗೇ ತಿರುಗಿದವು.

ಟೀವಿಯ ಹಿಂದೆ ವಾಯರಿನ ತುದಿಗೆ ಕಿಲುಬು ಹಿಡಿದಿತ್ತು. ಅವನು ಅದನ್ನು ಕತ್ತರಿಸಿ ಸುಲಿಯುತ್ತ ಗೋಡೆ ನೋಡಿದ. ವರ್ಷವರ್ಷದ ಫುಟ್‌ಬಾಲ್ ತಂಡದ ಫೋಟೊಗಳು ಸಾಲಾಗಿ ತೂಗಿದ್ದವು. ಪ್ರತಿಯೊಂದರಲ್ಲೂ ಮುಂದೆ ಕೂತ ಹುಡುಗನ ಕೈಯಲ್ಲಿ ಇಸವಿ ಬರೆದ ಪಾಟಿ. ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಂಬತ್ತೊಂದು.

ಅವನು ನೋಡುತ್ತಿದ್ದುದನ್ನು ಸಿದ್ದಲಿಂಗವ್ವ ಕಂಡಳು. "ಎಂಬತ್ತರದ ಟ್ರಂಕಿನ್ಯಾಗ ಐತಿ. ಅದೊಂದ ಹಾಕಗೊಡಲಿಲ್ಲ. ಕೇಳಿದ್ರ ಕಾಜ ಒಡದೈತಿ ಅಂತಿದ್ರ. ಕಾಜ ಒಡದಿಲ್ಲ. ನಾ ನೋಡೇನಿ."

ದುರ್ಗಪ್ಪ ತಲೆ ತಗ್ಗಿಸಿ ವಾಯರು ಸಿಕ್ಕಿಸಿದ. ಚಿತ್ರ ತಿಳಿಯಾಯಿತು. ಹಸಿರು ಬಯಲು, ತುಂಬಿದ ಮಂದಿ, ಹಳದಿ ಅಂಗಿಯವರು. ಆಟ ಆಗಲೇ ಶುರುವಾಗಿತ್ತು.

ಹೊರಡಬೇಕು ಎಂದುಕೊಳ್ಳುವಷ್ಟರಲ್ಲಿ ಚೆಂಡು ಎಡ ಅಂಚಿಗೆ ಬಂತು. ಹನ್ನೊಂದನೆಯ ನಂಬರಿನ ಗಿಡ್ಡ ಹುಡುಗನೊಬ್ಬ ಅದನ್ನು ಎಡಗಾಲಿನಿಂದ ತಡೆದ. ಕಪ್ಪು ಮೈಯವ, ತೆಳ್ಳಗಿನವ. ಭುಜ ಒಂದು ಕಡೆ ತೂಗಿ ಇನ್ನೊಂದು ಕಡೆ ಓಡಿದ. ಗೆರೆಗೆ ಅಂಟಿಕೊಂಡೇ ಓಡಿದ. ನೀಲಿ ಅಂಗಿಯವನು ಮುಗ್ಗರಿಸಿ ಕೂತ. ಮಂಚದ ಮೇಲಿಂದ ದನಿ ಎದ್ದಿತು.

"ದು... ದುರ್..."

ಮಾಸ್ತರರ ಎಡಗೈ ಪರದೆಯ ಕಡೆ ಚಾಚಿತ್ತು.

"ನೋಡ, ಮತ್ತ ಸುರು ಆತ," ಎಂದಳು ಸಿದ್ದಲಿಂಗವ್ವ. "ಟೀವಿ ದೂರ ಆತು ಅನ್ನತಾರ. ಮದಲ ಆ ಗ್ವಾಡಿಗಿತ್ತ ಮಂಚ. ಹ್ವಾದ ಸಲದ ಆಟದಾಗ ಒಂದೀಟ ಒಂದೀಟ ಮುಂದ ತಂದೇವಿ. ಆದರೂ ದೂರ ಅನ್ನೂದ ಬಿಡವಲ್ರ. ಬಾ ತಮ್ಮಾ, ಇನ್ನೊಂದೀಟ ನೂಕೂಣು."

ದುರ್ಗಪ್ಪನ ಕೈಯಿಂದ ಇಕ್ಕಳ ಜಾರಿತು. ಬಯಲಿನ ಆಚೆಯಿಂದ ಕೈ ಎತ್ತಿ, ರಕಾರವನ್ನು ಎಳೆದು ತನ್ನನ್ನು ಹಾಗೆ ಕೂಗುತ್ತಿದ್ದವರು ಒಬ್ಬರೇ. ದುರ್ರ್‌ಗ್ಯಾ, ಲೈನ್ ಹಿಡಿ. ಲೈನ್ ಬಿಡಬ್ಯಾಡ. ಅವರು ಈಗಲೂ ಕರೆಯುತ್ತಿದ್ದರು. ಮಗ್ಗುಲಲ್ಲಿ ನಿಂತವನನ್ನಲ್ಲ, ಏಳು ಸಮುದ್ರದಾಚೆ ಓಡುತ್ತಿದ್ದ ಆ ಹುಡುಗನನ್ನು.

ಅವನು ಮಂಚದ ಬಳಿಗೆ ಬಂದ. ಬಗ್ಗಿ ಮಂಚದ ಕಾಲು ಹಿಡಿದ. ಇಬ್ಬರೂ ಸೇರಿ ಒಂದು ಮೊಳ ಮುಂದೆ ನೂಕಿದರು. ಆಮೇಲೆ ಅವನು ಬಾಗಿಲ ಬಳಿಯೇ ನಿಂತು ಆಟ ಮುಗಿಯುವವರೆಗೂ ನೋಡಿದ. ಹಳದಿಯವರು ಒಂದು ಗೋಲಿನಿಂದ ಸೋತರು. ಸಿದ್ದಲಿಂಗವ್ವ ಕೊಟ್ಟ ಚಹಾ ಕೈಯಲ್ಲೇ ಆರಿತು.

ಅಂದಿನಿಂದ ಅವನು ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಹಳದಿಯವರು ಇಪ್ಪತ್ತು ತಂಡಗಳಲ್ಲಿ ಹದಿನೆಂಟನೆಯವರು. ವರ್ಷದ ಕೊನೆಗೆ ಕೆಳಗಿನ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ ಎಂದು ಮಧು ಫೋನಿನಲ್ಲಿ ಹೇಳಿದ. "ಇಳದ್ರ ಮುಗೀತ ಅಣ್ಣಾ. ಕೆಳಗಿನವರ ಆಟ ಸಿಂಗಾಪುರದವರು ತಗೊಳ್ಳೂದ ಇಲ್ಲ."

ಮಾಸ್ತರರ ಮಗಳು ರಾಜೇಶ್ವರಿ ಸವದತ್ತಿಯ ಶಾಲೆಯೊಂದರಲ್ಲಿ ಟೀಚರು. ಶನಿವಾರ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದಳು. ದುರ್ಗಪ್ಪ ಆಕೆಯಿಂದ ಸಿಂಗಾಪುರದ ಆಫೀಸಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿದ. ಹಳದಿ ಅಂಗಿಯವರ ಆಟವನ್ನು ತಿಂಗಳಿಗೆ ಒಮ್ಮೆಯಾದರೂ ತೋರಿಸಬೇಕು, ಇಲ್ಲಿ ನೋಡುವವರಿದ್ದಾರೆ ಎಂದು.

"ಎಷ್ಟ ಮಂದಿ ನೋಡತಾರಂತ ಬರೀಲ್ರಿ?" ಎಂದು ಆಕೆ ಕೇಳಿದಳು.

ಅವನು ಯೋಚಿಸಿದ. "ನಾನೂರ ಮನಿ ಅಂತ ಬರೀರಿ."

ಆಕೆ ಬರೆದು, ಪೆನ್ನಿನ ಮುಚ್ಚಳ ಹಾಕಿ, "ನೀವ ಅಪ್ಪಾರ ಕಡೆ ಕಲತೋರೇನ್ರಿ?" ಎಂದಳು.

"ಹೌದ್ರಿ."

"ಟೀಮಿನ್ಯಾಗ ಇದ್ರೇನ್ರಿ?"

"ನೀರಿನ ಕೊಡಾ ಹೊರತಿದ್ದೆ," ಎಂದ ದುರ್ಗಪ್ಪ. ಆಕೆ ನಗಬಹುದೆಂದು ಅವನೇ ಸ್ವಲ್ಪ ನಕ್ಕ. ಆಕೆ ನಗಲಿಲ್ಲ.

ಒಂದೂವರೆ ತಿಂಗಳಿಗೆ ಉತ್ತರ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದಗಳು ಎಂದು ಅಚ್ಚಾದ ಕಾರ್ಡು. ಅದರ ಹಿಂದೆ ಕೆಂಪು ಅಂಗಿಯ ತಂಡದ ಬಣ್ಣದ ಚಿತ್ರವಿತ್ತು. ದುರ್ಗಪ್ಪ ಅದನ್ನು ಸಿದ್ದಲಿಂಗವ್ವನಿಗೆ ತೋರಿಸಲಿಲ್ಲ.

ಮಾರ್ಚಿನಲ್ಲಿ ಒಂದು, ಏಪ್ರಿಲ್ಲಿನಲ್ಲಿ ಒಂದು ಆಟ ಬಂದವು. ಎರಡೂ ಸಲ ಅವನು ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಮಾಸ್ತರರ ಬಾಯಂಚಿನಲ್ಲಿ ಇಳಿದ ಜೊಲ್ಲು ಒರೆಸಲು ಸಿದ್ದಲಿಂಗವ್ವ ಹತ್ತಿರವಿಲ್ಲದಿದ್ದಾಗ ತಾನೇ ಒರೆಸಿದ. ಹನ್ನೊಂದನೆಯವನು ಓಡಿದಾಗಲೆಲ್ಲ ಅವರು ಕರೆದರು. ಕರೆದಾಗಲೆಲ್ಲ ದುರ್ಗಪ್ಪನ ಗಂಟಲಿಗೆ "ಓ ಸರ" ಎಂಬುದು ಬಂದು ನಿಲ್ಲುತ್ತಿತ್ತು. ಎರಡೂ ಸಲ ಅವನು ಅದನ್ನು ಹೊರಗೆ ಬಿಡಲಿಲ್ಲ. ಅವರಿಗೆ ತನ್ನ ಗುರುತು ಹತ್ತಿಬಿಟ್ಟರೆ ಆ ಓಡುವ ಹುಡುಗ ಹೋಗಿಬಿಡುತ್ತಾನೆ, ಈ ಹೊಟ್ಟೆಯ ಮನುಷ್ಯ ಉಳಿಯುತ್ತಾನೆ ಎನಿಸುತ್ತಿತ್ತು.

ಮೇ ತಿಂಗಳಲ್ಲಿ, ಆ ವರ್ಷದ ಪಂದ್ಯಗಳ ಕೊನೆಯ ದಿನ, ಹತ್ತೂ ಆಟಗಳು ಒಂದೇ ಹೊತ್ತಿಗೆ, ನಮ್ಮ ಸಂಜೆ ಏಳೂವರೆಗೆ. ಕೆಂಪಿನವರು ವಾರದ ಹಿಂದೆಯೇ ಗೆದ್ದಾಗಿತ್ತು. ಅಂದು ಕಪ್ ಕೊಡುವುದಿತ್ತು. ಆದ್ದರಿಂದ ದೊಡ್ಡ ಚಾನೆಲ್ಲಿನಲ್ಲಿ ಅವರ ಆಟವೇ. ಇನ್ನೊಂದು ಚಾನೆಲ್ಲಿನಲ್ಲಿ, ಯಾರು ಕೆಳಗಿಳಿಯುತ್ತಾರೆ ಎಂಬುದರ ಸಲುವಾಗಿ, ಹಳದಿಯವರದು. ವರ್ಷವಿಡೀ ಅಪರೂಪಕ್ಕೆ ತೋರಿಸಿದ ತಂಡವನ್ನು ಮುಳುಗುವ ದಿನ ತೋರಿಸಲು ಆರಿಸಿದ್ದರು. ದುರ್ಗಪ್ಪನ ಬಳಿ ಆಟದ ಚಾನೆಲ್ಲಿಗೆಂದು ಇದ್ದದ್ದು ಒಂದೇ ಪೆಟ್ಟಿಗೆ. ಎರಡರಲ್ಲಿ ಒಂದನ್ನೇ ಊರಿಗೆ ಬಿಡಬಹುದಿತ್ತು.

ಆರು ಗಂಟೆಗೆ ಅಪ್ಪು ಫೋನ್ ಮಾಡಿದ. ಅಪ್ಪನ ನಂತರ ಮಿಲ್ಲನ್ನು ಅವನೇ ನೋಡಿಕೊಳ್ಳುತ್ತಿದ್ದ. ದುರ್ಗಪ್ಪನ ಜೊತೆ ಅವನದು ಮೊದಲಿನಿಂದಲೂ ಸಲುಗೆಯ ಮಾತು. ಎಂಬತ್ತನೆಯ ಇಸವಿ ಅವನಿಗೆ ನೆನಪಿದೆಯೋ ಇಲ್ಲವೋ.

"ದುರ್ಗ್ಯಾ, ಬ್ಯಾಸಗಿ ಸೂಟಿಗೆ ನಮ್ಮ ಮಗಾ ಸಚಿನ ಬಂದಾನ. ಅವನ ಗೆಳ್ಯಾರ ಆರ ಮಂದಿ ಬೆಳಗಾವಿಂದ ಬಂದಾರ. ಕೆಂಪಿನವರಿಗೆ ಕಪ್ ಕೊಡೂದ ನೋಡಬೇಕಂತ. ಹಾಕತಿ ಹೌದಲ್ಲ?"

"ಇನ್ನೊಂದ ಆಟಾನೂ ಐತಿ. ಪೆಟಿಗಿ ಒಂದ."

"ಇನ್ನೊಂದ ಯಾರದ?"

"ಹಳದಿಯವರದ."

"ಅವರನ್ನ ಯಾರ ನೋಡತಾರೋ? ಕಾಲೇಜ ಹುಡುಗೋರೂ ಕೆಂಪ ಅಂತಾರ ನೋಡ."

"ಹೂಂ, ನೋಡೂಣು," ಎಂದ ದುರ್ಗಪ್ಪ.

ಹೇಳಿದ ಮೇಲೆ ಅವನಿಗೆ ತನ್ನ ಮಾತೇ ವಿಚಿತ್ರವಾಗಿ ಕೇಳಿಸಿತು. ಏಳು ಗಂಟೆಯವರೆಗೆ ಪೆಟ್ಟಿಗೆಯ ಮುಂದೆ ಕೂತ. ಮಾಸ್ತರರೂ ಹೆಸರು ಓದುವ ಹಿಂದಿನ ಸಂಜೆ ಹೀಗೆಯೇ ಎಲ್ಲೋ ಒಬ್ಬರೇ ಕೂತಿದ್ದಿರಬೇಕು ಎಂದು ಮೊದಲ ಸಲ ಅನ್ನಿಸಿತು. ಆಮೇಲೆ ಹಳದಿಯವರ ಚಾನೆಲ್ಲಿಗೆ ಗುಂಡಿ ಒತ್ತಿ, ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟು, ಕೋಣೆಗೆ ಬೀಗ ಹಾಕಿ ಮೆಟ್ಟಿಲಿಳಿದ.

ಸಿದ್ದಲಿಂಗವ್ವ ಗಂಡನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ತೊಳೆದ ಅಂಗಿ ಹಾಕಿ ಕೂಡಿಸಿದ್ದಳು. ಎರಡು ವಾರದಿಂದ ಅವರು ಗಂಜಿಯನ್ನೂ ಸರಿಯಾಗಿ ನುಂಗುತ್ತಿರಲಿಲ್ಲ. ರಾಜೇಶ್ವರಿ ಕಾಲ ಬುಡದಲ್ಲಿ ಕೂತು ಪಾದ ಒತ್ತುತ್ತಿದ್ದಳು. ಹಳದಿ ಅಂಗಿಯವರು ಸಾಲಾಗಿ ಬಯಲಿಗೆ ಬಂದರು. ಮಾಸ್ತರರ ಕೈ ಎದ್ದಿತು.

ಎಡ ಅಂಚಿನಲ್ಲಿ ಬೇರೆ ಯಾರೋ ಇದ್ದರು. ಎತ್ತರದ, ದಪ್ಪ ತೊಡೆಯ ಮನುಷ್ಯ. ದುರ್ಗಪ್ಪ ಹನ್ನೊಂದು ಮಂದಿಯನ್ನೂ ಎರಡು ಸಲ ಎಣಿಸಿದ. ಆ ಗಿಡ್ಡ ಹುಡುಗ ಇರಲಿಲ್ಲ.

"ಅವಾ ಎಲ್ಲಿ?" ಎಂದಳು ಸಿದ್ದಲಿಂಗವ್ವ. "ಇವರ ಹುಡುಗ ಕಾಣವಲ್ಲ."

"ಹೊಸಾ ಮಾಸ್ತರ ಬಂದಾನಂತ್ರಿ ಅವರಿಗೆ. ಬ್ಯಾರೆಯವರನ್ನ ಆರಸ್ಯಾನ," ಎಂದು ದುರ್ಗಪ್ಪ ಆಕೆಗಷ್ಟೇ ಕೇಳುವಂತೆ ಹೇಳಿದ.

ಮಾಸ್ತರರ ಕಣ್ಣು ಪರದೆಯ ಈ ತುದಿಯಿಂದ ಆ ತುದಿಗೆ ಹುಡುಕಿತು. ಕೈ ಎತ್ತಿಯೇ ಇತ್ತು. ಇಪ್ಪತ್ತು ನಿಮಿಷ ಕಳೆಯಿತು. ಎದುರಿನವರು ಒಂದು ಗೋಲು ಹೊಡೆದರು. ಕ್ಯಾಮೆರಾ ಬಯಲು ಬಿಟ್ಟು ಹೊರಗಿನ ಬೆಂಚಿನ ಕಡೆ ತಿರುಗಿತು. ಅಲ್ಲಿ, ಐದಾರು ಮಂದಿಯ ತುದಿಗೆ, ಗದ್ದದವರೆಗೆ ಗುಂಡಿ ಹಾಕಿದ ದೊಡ್ಡ ಕೋಟಿನಲ್ಲಿ ಅವನು ಕೂತಿದ್ದ. ಎರಡೂ ಕೈ ತೊಡೆಗಳ ನಡುವೆ. ಆಡುವವರನ್ನು ನೋಡುತ್ತಿರಲಿಲ್ಲ, ತನ್ನ ಮುಂದಿನ ನೆಲ ನೋಡುತ್ತಿದ್ದ.

ಮಾಸ್ತರರು ಅವನನ್ನು ಕಂಡರು. ಎತ್ತಿದ ಕೈ ಮಂಚದ ಪಟ್ಟಿಯ ಮೇಲೆ ಬಿತ್ತು. ಒಮ್ಮೆ, ಇನ್ನೊಮ್ಮೆ ಬಡಿಯಿತು. ಬಾಯಿ ಸೊಟ್ಟಗಾಗಿ, ಇದುವರೆಗೆ ಬಾರದ ಹೊಸ ದನಿಯೊಂದು ಬಂತು.

"ಬೂ... ಬೂ..."

"ಇದೇನ ಅನ್ನಾಕತ್ತಾರ?" ಸಿದ್ದಲಿಂಗವ್ವ ಗಾಬರಿಯಾದಳು. "ನೀರ ಬೇಕೇನ್ರಿ? ರಾಜೂ, ಎದ್ದ ನೀರ ತಾ."

ಕಣ್ಣೀರು ವಿಭೂತಿಯ ಕೆಳಗಿನಿಂದ ಗಡ್ಡಕ್ಕೆ ಇಳಿಯುತ್ತಿತ್ತು. ದುರ್ಗಪ್ಪ ಸ್ಟೂಲಿನಿಂದ ಎದ್ದು ಮಂಚದ ಮೇಲೆ, ಅವರ ಪಕ್ಕಕ್ಕೆ ಕೂತ. ಪಟ್ಟಿಯ ಮೇಲೆ ಬಡಿಯುತ್ತಿದ್ದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ಬೂಟ ಅದಾವ್ರಿ ಸರ," ಎಂದ. "ಅವನ ಕಡೆ ಬೂಟ ಅದಾವ. ಛಲೋ ಬೂಟ ಅದಾವ."

ಮಾಸ್ತರರ ಕೈ ನಿಂತಿತು.

"ಕಾಲ ಉಳಕೇತ್ರಿ ಅವಂದ. ಹ್ವಾದ ವಾರ ಉಳಕೇತಿ. ಅದಕ್ಕ ಕುಂತಾನ. ಮಾಸ್ತರ ಆಡ ಅಂದ್ರ, ಇವನ ಒಲ್ಲೆ ಅಂದ. ಕುಂದರಿಸಿದವರದ ಏನೂ ತಪ್ಪಿಲ್ರಿ."

ಇಷ್ಟು ಹೊತ್ತಿಗೆ ಪರದೆಯ ಮೇಲೆ ಬೆಂಚು ಹೋಗಿ ಮತ್ತೆ ಬಯಲು ಬಂದಿತ್ತು. ಮಾಸ್ತರರು ಅದನ್ನು ನೋಡಲಿಲ್ಲ. ಮುಖವನ್ನು ಕಷ್ಟಪಟ್ಟು ತಿರುಗಿಸಿ ದುರ್ಗಪ್ಪನನ್ನೇ ನೋಡಿದರು. ಅವನ ಹಣೆ, ಕಿವಿ, ತೆಳ್ಳಗಾದ ಕೂದಲು. ಬಹಳ ಹೊತ್ತು ನೋಡಿದರು. ಗುರುತು ಹಿಡಿದರೋ ಇಲ್ಲವೋ ಅವನಿಗೆ ಕೊನೆಗೂ ತಿಳಿಯಲಿಲ್ಲ. ಬೆರಳುಗಳು ಮಾತ್ರ ಅವನ ಅಂಗೈಯೊಳಗೆ ಮಡಿಚಿಕೊಂಡವು.

ಹಳದಿಯವರು ಮೂರು ಗೋಲುಗಳಿಂದ ಸೋತು ಕೆಳಗಿಳಿದರು. ಆಟ ಮುಗಿದಾಗ ಮಾಸ್ತರರಿಗೆ ನಿದ್ದೆ ಹತ್ತಿತ್ತು. ಪರದೆಯ ಮೇಲೆ ಹಳದಿ ಅಂಗಿಯ ಹುಡುಗರು ಹುಲ್ಲಿನ ಮೇಲೆ ಅಲ್ಲಲ್ಲೇ ಕುಸಿದು ಕೂತರು. ಅವರನ್ನು ಇನ್ನೂ ನೋಡುತ್ತಿರುವಾಗಲೇ ಚಿತ್ರ ಬದಲಾಗಿ ಬೇರೊಂದು ಬಯಲು, ಕೆಂಪು ಅಂಗಿಗಳು, ಬೆಳ್ಳಿಯ ಕಪ್ ಬಂದವು. ರಾಜೇಶ್ವರಿ ಎದ್ದು ಟೀವಿ ಆರಿಸಿದಳು.

ಬಾಗಿಲವರೆಗೆ ಬಂದ ಸಿದ್ದಲಿಂಗವ್ವ ಮೆಲ್ಲಗೆ ಕೇಳಿದಳು. "ಖರೇನ ಕಾಲ ಉಳಕೇತೇನ ಅವಂದ?"

ದುರ್ಗಪ್ಪ ಚಪ್ಪಲಿ ಮೆಟ್ಟಿಕೊಂಡ. "ಹೌದ್ರಿ ಅವ್ವಾರ," ಎಂದ.

ಕೇಬಲ್ ಕೋಣೆಯ ಕೆಳಗೆ ಮೂರು ಸ್ಕೂಟರುಗಳು ಬಂದು ಕಾದು ಹೋಗಿದ್ದವಂತೆ. ಕಾಲೇಜಿನ ಹುಡುಗರು ಬೀಗಕ್ಕೆ ಕಲ್ಲಿನಿಂದ ಕುಟ್ಟಿದ ಗುರುತಿತ್ತು. ಅಪ್ಪು ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟ. ಆಗಸ್ಟಿನಲ್ಲಿ ಮಧು ಹೊಸ ವರ್ಷದ ಪಟ್ಟಿ ತಂದ. ಹಳದಿಯವರ ಹೆಸರು ಎಲ್ಲಿಯೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಸಪ್ಪಳವೂ ಆಗಲಿಲ್ಲ. ಮಾಸ್ತರರು ಆಗ ಕಣ್ಣು ತೆರೆಯುವುದನ್ನೇ ಕಡಿಮೆ ಮಾಡಿದ್ದರು.

ಶ್ರಾವಣದ ಕೊನೆಯ ಸೋಮವಾರ ಬೆಳಿಗ್ಗೆ ಅವರು ತೀರಿಕೊಂಡರು. ಬಿದಿರಿನ ವಿಮಾನ ಕಟ್ಟಿ, ಹೂವು ಸುತ್ತಿ, ಅವರನ್ನು ಅದರಲ್ಲಿ ಕೂಡಿಸಿದರು. ಹತ್ತು ತಿಂಗಳು ಮಲಗಿದ್ದವರು ಅಂದು ನೆಟ್ಟಗೆ ಕೂತಿದ್ದರು. ಮೂವತ್ತು ವರ್ಷದ ವಿದ್ಯಾರ್ಥಿಗಳು ಕಿತ್ತೂರು, ರಾಮದುರ್ಗ, ಹೂಲಿಯ ಕಡೆಯಿಂದೆಲ್ಲ ಬಂದಿದ್ದರು. ಹೆಗಲು ಕೊಡಲು ನೂಕುನುಗ್ಗಲು. ಭಜನೆಯವರು ಮುಂದೆ ಹೊರಟರು. ದುರ್ಗಪ್ಪ ಎಡಗಡೆಯ ಹಿಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದ.

ಪೇಟೆಯ ತಿರುವಿನಲ್ಲಿ ಬಲಗಡೆಯ ಹಿಂದಿನವರು ಬದಲಾದರು. ಬಂದು ಹೆಗಲು ಕೊಟ್ಟವನು ಅಪ್ಪು. ಅವನು ಎತ್ತರದ ಆಳು. ವಿಮಾನ ದುರ್ಗಪ್ಪನ ಕಡೆಗೆ ವಾಲಿತು. ಮಾಸ್ತರರ ತಲೆ ಒಂದು ಬದಿಗೆ ತೂಗಿತು. "ಸಮಾ ಹಿಡೀರಿ, ಸಮಾ ಹಿಡೀರಿ," ಎಂದು ಹಿಂದಿನಿಂದ ಯಾರೋ ಅಂದರು. ಅಪ್ಪು ಮೊಣಕಾಲು ಬಗ್ಗಿಸಿ ನಾಲ್ಕು ಹೆಜ್ಜೆ ನಡೆದ. ಅದು ಆಗುವ ಮಾತಾಗಿರಲಿಲ್ಲ. ದುರ್ಗಪ್ಪ ನಿಲ್ಲದೆ, ಒಂದೇ ಕೈಯಿಂದ ಸೊಂಟದ ಟವೆಲು ಬಿಚ್ಚಿ, ಹಲ್ಲಿನಿಂದ ಹಿಡಿದು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ, ಹೆಗಲಿಗೂ ಬೊಂಬಿಗೂ ನಡುವೆ ಇಟ್ಟ. ವಿಮಾನ ಸಮವಾಯಿತು. ಇಬ್ಬರೂ ಹೆಜ್ಜೆ ಕೂಡಿಸಿ ನಡೆದರು.